ಓದುಗರ ಸ್ಪಂದನ: ಊರಿಗೆ ಕಳಿಸುವ ದುಡ್ಡು, ನನಗೆಂದು ಉಳಿಯುವ ದುಡ್ಡು

ಕಳೆದ ಸಂಚಿಕೆಯಲ್ಲಿ ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ತಮ್ಮ ಸಮಸ್ಯೆ ಹೇಳಿಕೊಂಡಿದ್ದರು. ವಯಸ್ಸು 26. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ಇವರೇ ಮೊದಲಿಗರು. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಊರಿಗೆ ಹೋಗುತ್ತದೆ. ಅಕ್ಕನ ಮದುವೆ ಸಾಲ, ಅಪ್ಪನ ಬೆನ್ನುನೋವಿನ ಔಷಧಿ, ತಮ್ಮನ ಪಿಯುಸಿ ಫೀಸು. ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿ ಎಂಎಸ್ ಓದಲು ಹೊರದೇಶಕ್ಕೆ ಹೊರಟಿದ್ದಾಳೆ. "ಇಬ್ಬರ ಮಾರ್ಕ್ಸೂ ಒಂದೇ, ಸಂಬಳವೂ ಒಂದೇ. ಆದರೆ ಅವಳ ಸಂಬಳ ಅವಳದು. ಊರಿಗೆ ಕಳಿಸುವುದನ್ನು ಕಡಿಮೆ ಮಾಡಿ ನಾನೂ ಎಂಟೆಕ್ ಓದಲೇ? ಅದು ಸ್ವಾರ್ಥ ಆಗುತ್ತದಾ?" ಎಂದು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲಿಗೆ ಅತಿ ಚಿಕ್ಕದು.

ನಿವೃತ್ತ ಸರ್ಕಾರಿ ನೌಕರರು, ಹಾಸನ

ಅಪ್ಪ ಬೆನ್ನು ಮುರಿದುಕೊಂಡು ಓದಿಸಿದ. ಮಗಳು ಕೂತು ಲೆಕ್ಕ ಹಾಕುತ್ತಿದ್ದಾಳೆ. ನಮ್ಮ ಕಾಲದಲ್ಲಿ ಇಂಥ ಪ್ರಶ್ನೆ ಮನಸ್ಸಿಗೇ ಬರುತ್ತಿರಲಿಲ್ಲ. ಮೊದಲು ಸಾಲ ತೀರಿಸಮ್ಮ. ಓದು ಎಲ್ಲೂ ಓಡಿಹೋಗುವುದಿಲ್ಲ.

*ಓದು ಓಡಿಹೋಗುವುದಿಲ್ಲ ಎಂಬ ವಿಷಯದಲ್ಲಿ ಧಾರವಾಡದ ಓದುಗರ ಅನುಭವ ಬೇರೆ. ಅವರ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.*

ಬ್ಯಾಂಕ್ ನೌಕರರು, ಧಾರವಾಡ

ತಂಗೀ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೀಗ 57. ಬ್ಯಾಂಕೊಂದಕ್ಕೆ ಕ್ಲಾರ್ಕ್ ಆಗಿ ಸೇರಿದೆ, ಕ್ಲಾರ್ಕ್ ಆಗಿಯೇ ರಿಟೈರ್ ಆಗುತ್ತೇನೆ.

ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಬಂದ್ ಆದಾಗ ನಾನು ಬಿ.ಕಾಂ. ಕೊನೆಯ ವರ್ಷ. ನನಗಿಂತ ಚಿಕ್ಕವರು ಇಬ್ಬರು ತಮ್ಮಂದಿರು. ಪರೀಕ್ಷೆ ಬರೆದೆ, ಕೆಲಸ ಸಿಕ್ಕಿತು, ಅವ್ವ ಓಣಿಗೆಲ್ಲ ಪೇಢಾ ಹಂಚಿದಳು. ಅಂದಿನಿಂದ ಸಂಬಳ ಅವ್ವನ ಕೈಗೆ.

ಅದೇ ವಾರ ಇನ್ನೊಬ್ಬಳು ಸೇರಿದ್ದಳು. ಅವಳ ತಂದೆ ಬೇರೊಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಸೇರಿದ ಕೂಡಲೇ ಅವಳು ಸಿಎಐಐಬಿ ಪರೀಕ್ಷೆಗೆ ಕಟ್ಟಿದಳು. ಬ್ಯಾಂಕಿನವರಿಗೆಂದೇ ಇರುವ ಪರೀಕ್ಷೆ ಅದು. ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತದೆ, ಮುಂದೆ ಪ್ರಮೋಷನ್‌ಗೂ ಅನುಕೂಲ. ಅದೇನು ಅಂತ ನನಗೆ ತಿಳಿಯುವ ಹೊತ್ತಿಗೆ ಅವಳು ಎರಡೂ ಭಾಗ ಮುಗಿಸಿದ್ದಳು.

ನಾನೇನು ದಡ್ಡಿ ಇರಲಿಲ್ಲ. ಕ್ಯಾಶ್ ಟ್ಯಾಲಿ ಆಗದಿದ್ದರೆ ಅವಳೇ ನನ್ನ ಹತ್ತಿರ ಬರುತ್ತಿದ್ದಳು. ಆದರೆ ಅವಳ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಪ್ರಮೋಷನ್, ಟ್ರಾನ್ಸ್‌ಫರ್, ಸೀನಿಯಾರಿಟಿ ಮಾತು. ನಮ್ಮ ಮನೆಯಲ್ಲಿ ಕಿರಾಣಿ ಅಂಗಡಿಯ ಉದ್ರಿ ಮಾತು. ಏನು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದೇ ನಮ್ಮಂಥವರಿಗೆ ಗೊತ್ತಿರುವುದಿಲ್ಲ ತಂಗಿ. ದುಡ್ಡಿಲ್ಲದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಇದು ಕಾಣುವುದಿಲ್ಲ.

ಮುಂದೆ ನನಗೂ ಆಫೀಸರ್ ಆಗುವ ಅವಕಾಶ ಬಂತು. ಪ್ರಮೋಷನ್ ತಗೊಂಡರೆ ಬೇರೆ ಊರಿಗೆ ಹೋಗಬೇಕು. ಆಗ ಅಪ್ಪನಿಗೆ ಲಕ್ವಾ ಹೊಡೆದಿತ್ತು. ದೊಡ್ಡ ತಮ್ಮ ಪಾಲಿಟೆಕ್ನಿಕ್‌ನಲ್ಲಿದ್ದ. ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ ಬಾಡಿಗೆ ಎಲ್ಲಿಂದ ತರಲಿ? ಬೇಡ ಅಂತ ಬರೆದುಕೊಟ್ಟೆ. "ನಿಮಗೆ ಮುಂದೆ ಬರುವ ಆಸೆಯೇ ಇಲ್ಲ" ಅಂದರು ಸಾಹೇಬರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಸೆ ಬೇಕಾದಷ್ಟಿತ್ತು. ಆ ಆಸೆಗೆ ಖರ್ಚೂ ಇತ್ತು, ಅದನ್ನು ಭರಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

ತಮ್ಮಂದಿರು ಚೆನ್ನಾಗಿದ್ದಾರೆ. ಒಬ್ಬ ಪುಣೆಯಲ್ಲಿ, ಒಬ್ಬ ದುಬೈನಲ್ಲಿ. ಅವರ ಮೇಲೆ ಸಿಟ್ಟಿಲ್ಲ. ಹೋದ ವರ್ಷ ದೊಡ್ಡವನ ಮಗಳು "ಅತ್ತೆ, ನೀವ್ಯಾಕೆ ಆಫೀಸರ್ ಆಗಲಿಲ್ಲ, ಪರೀಕ್ಷೆ ಪಾಸಾಗಲಿಲ್ವಾ?" ಅಂತ ಕೇಳಿದಳು. ತಮ್ಮ ಪಕ್ಕದಲ್ಲೇ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದರ ಬಗ್ಗೆ ಯಾರೂ ಯಾವತ್ತೂ ಬಾಯಿ ಬಿಟ್ಟಿಲ್ಲ.

ದುಡ್ಡು ಕಳಿಸಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಕಳಿಸುತ್ತೀ, ಎಲ್ಲಿಯವರೆಗೆ ಕಳಿಸುತ್ತೀ ಅಂತ ಎಲ್ಲರನ್ನೂ ಕೂರಿಸಿಕೊಂಡು ಮಾತಾಡು. ತಮ್ಮನೂ ಅಲ್ಲಿರಲಿ. ತನ್ನ ಫೀಸು ಅಕ್ಕನ ಯಾವ ಓದನ್ನು ನಿಲ್ಲಿಸಿ ಬರುತ್ತಿದೆ ಅನ್ನುವುದು ಅವನಿಗೆ ಈಗಲೇ ತಿಳಿಯಲಿ.

*ಗೆಳತಿಯಂಥ ಮನೆಯಲ್ಲಿ ಬೆಳೆದವರೊಬ್ಬರೂ ಬರೆದಿದ್ದಾರೆ.*

ಎಂಜಿನಿಯರ್, ಮಲ್ಲೇಶ್ವರ, ಬೆಂಗಳೂರು

ನಾನು ಎಂಎಸ್ ಓದಿದ್ದು ಅಮೆರಿಕದಲ್ಲಿ. ಹುಡುಗ ಸಾಲ ಮಾಡಿ ಓದಿದ ಅಂತ ನೆಂಟರು ಹೊಗಳುತ್ತಾರೆ. ಆ ಸಾಲ ಸಿಕ್ಕಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವಿಡಲು ಕೇಳುತ್ತವೆ. ನಾವು ತಾತ ಕಟ್ಟಿಸಿದ ಮನೆಯ ಪತ್ರ ಕೊಟ್ಟೆವು. ಕೆಲಸ ಸಿಗದೆ ವಾಪಸ್ ಬಂದಿದ್ದರೂ ನನಗೊಂದು ರೂಮಿತ್ತು, ಅಮ್ಮನ ಪೆನ್ಷನ್ ಇತ್ತು. ಧೈರ್ಯ ಬಂದದ್ದು ಅದರಿಂದ. ನಿಮ್ಮ ಗೆಳತಿಗೂ ಹೀಗೇ ಇರಬಹುದು. ಅವಳ ಪಕ್ಕ ನಿಂತು ನಿಮ್ಮನ್ನು ನೀವು ಅಳೆದುಕೊಳ್ಳಬೇಡಿ.

ವ್ಯಾಪಾರಿ, ತುಮಕೂರು

ಸರ್ ಎಂ. ವಿಶ್ವೇಶ್ವರಯ್ಯ ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳಿ ಓದಿದರು. ಮನಸ್ಸಿದ್ದರೆ ಮಾರ್ಗ. ಹಿನ್ನೆಲೆ ಗಿನ್ನೆಲೆ ಅನ್ನುವುದೆಲ್ಲ ಸುಮ್ನೆ ನೆಪ.

*ಸರ್ ಎಂ.ವಿ. ಅವರ ಹೆಸರನ್ನು ಇನ್ನೂ ಕೆಲವರು ಎತ್ತಿದ್ದಾರೆ. ಜೊತೆಗೇ ಮೈಸೂರಿನ ಈ ಪತ್ರವನ್ನೂ ಓದಬಹುದು.*

ಇತಿಹಾಸ ಉಪನ್ಯಾಸಕರು, ಮೈಸೂರು

ನನ್ನ ತಾತ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಊಟ ಹಾಕಿದ ಆ ತಾಯಂದಿರ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಗೌರವವಿದೆ. ಆದರೆ ಆ ಪಂಕ್ತಿಯಲ್ಲಿ ಎಲ್ಲ ಜಾತಿಯ ಹುಡುಗರಿಗೂ ಎಲೆ ಹಾಕುತ್ತಿರಲಿಲ್ಲ. ಬಡ ಬ್ರಾಹ್ಮಣ ಹುಡುಗನಿಗೆ ಬಡತನ ಇತ್ತು, ಕರೆದು ಕೂರಿಸುವ ಮನೆಗಳೂ ಇದ್ದವು. ಬಡ ಒಕ್ಕಲಿಗ, ಕುರುಬ, ದಲಿತ ಹುಡುಗರಿಗೆ ಬಡತನ ಮಾತ್ರ ಇತ್ತು. ಸಮುದಾಯಗಳು ತಮ್ಮ ಮಕ್ಕಳಿಗೆ ಉಚಿತ ಹಾಸ್ಟೆಲ್ ಕಟ್ಟಲು ಹೊರಟಿದ್ದರ ಹಿಂದೆ ಈ ಕೊರತೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ಕೂಡ ಸರ್ಕಾರಿ ಕೆಲಸಗಳು ಹೆಚ್ಚಾಗಿ ಒಂದೇ ಸಮುದಾಯದ ಪಾಲಾಗಿದ್ದವು ಅನ್ನುವ ಕಾರಣಕ್ಕೆ. ನನ್ನ ತಾತ ಕಷ್ಟಪಟ್ಟಿದ್ದು ನಿಜ. ಅಷ್ಟೇ ಕಷ್ಟಪಟ್ಟು ಊಟದ ಮನೆ ಸಿಗದೆ ಊರಿಗೆ ವಾಪಸಾದ ಹುಡುಗರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ, ಚಿತ್ರದುರ್ಗ

ಎಂಟೆಕ್ ವಿಷಯ ಆಮೇಲೆ. ಈ ಇಬ್ಬರು ಹುಡುಗಿಯರು ಮೊದಲ ಸಲ ಭೇಟಿಯಾದದ್ದು ಕೆಲಸಕ್ಕೆ ಸೇರಿದ ಮೇಲೆ, ಅಲ್ವಾ? ನನ್ನನ್ನು ಕಾಡುತ್ತಿರುವುದು ಅದು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ 2022ರಲ್ಲಿ ಅಮೆರಿಕದ ಕೋಟ್ಯಂತರ ಫೇಸ್‌ಬುಕ್ ಗೆಳೆತನಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿತು. ಬಡವರಿಗೂ ಉಳ್ಳವರಿಗೂ ಗೆಳೆತನ ಜಾಸ್ತಿ ಇರುವ ಊರುಗಳಲ್ಲಿ ಬಡವರ ಮಕ್ಕಳು ಹೆಚ್ಚು ಮುಂದೆ ಬರುತ್ತಾರೆ ಅಂತ ಅದರಲ್ಲಿ ಕಂಡಿತು. ನಮ್ಮಲ್ಲಿ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಇಟ್ಟಿತ್ತು. 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಅನ್ನುವ ಕಾಳಜಿ ನನಗೂ ಇದೆ. ಆದರೆ ಉಳ್ಳವರು ಮಕ್ಕಳನ್ನು ನಮ್ಮಲ್ಲಿಗೆ ಕಳಿಸಲಿಲ್ಲ, ನಮ್ಮ ಮಕ್ಕಳು ಅಲ್ಲಿಗೆ ಹೋಗುವ ದಾರಿಯೂ ಕಿರಿದಾಯಿತು.

*ಮತ್ತೆ ಮೂಲ ಪ್ರಶ್ನೆಗೆ. ಈ ಪತ್ರವನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಓದಿದೆವು.*

ಹಮಾಲಿ, ದಾವಣಗೆರೆ

ಮಗನ ಕೈಲಿ ಬರೆಸುತ್ತಿದ್ದೇನೆ. ನನ್ನದೂ ಹಮಾಲಿ ಕೆಲಸ. ಚೀಲದ ಲೆಕ್ಕದಲ್ಲಿ ಕೂಲಿ. ಚೀಲ ಎತ್ತಿದ ದಿನ ದುಡ್ಡು, ಎತ್ತದಿದ್ದರೆ ಇಲ್ಲ. ಪೆನ್ಷನ್ ಇಲ್ಲ. ವಯಸ್ಸಾದ ಮೇಲೆ ಮಕ್ಕಳೇ ಗತಿ ಅನ್ನುವುದು ಸುಳ್ಳಲ್ಲ. ಆದರೆ ನಿನ್ನ ಕಾಗದದಲ್ಲಿ ಅಪ್ಪ ಏನಂದರು ಅಂತ ಇಲ್ಲವೇ ಇಲ್ಲವಲ್ಲ ತಾಯಿ. ನೀನು ಕೇಳಿಲ್ಲ ಅಂತ ಕಾಣುತ್ತದೆ. ಎಂಟೆಕ್ ಅಂದರೆ ಏನು, ಎಷ್ಟು ವರ್ಷ, ಆಮೇಲೆ ಏನು ಸಿಗುತ್ತೆ ಅಂತ ಬಿಡಿಸಿ ಹೇಳು. ಸಾಲ ಕೊಟ್ಟವರ ಹತ್ತಿರ ವಾಯಿದೆ ಕೇಳುವುದು ನಮಗೆ ಹೊಸದಲ್ಲ. ಮಗಳ ಓದಿಗೆ ಅಂತ ಎರಡು ವರ್ಷ ವಾಯಿದೆ ಕೇಳಲು ನಿಮ್ಮಪ್ಪ ನಾಚಿಕೆಪಡಲಿಕ್ಕಿಲ್ಲ.

ಎಂಜಿನಿಯರಿಂಗ್ ಕಾಲೇಜು ಅಧ್ಯಾಪಕರು, ಕಲಬುರಗಿ

ಎಂಟೆಕ್ ಸೇರಲು ರಾಷ್ಟ್ರಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆ ಬರೆಯಿರಿ. ಅದರಲ್ಲಿ ಅರ್ಹತೆ ಪಡೆದು ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇರುವ ಕಾಲೇಜಿನಲ್ಲಿ ಪೂರ್ಣಾವಧಿ ಎಂಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ, 2 ವರ್ಷ. ಊರಿಗೆ ಈಗಿನಷ್ಟು ಕಳಿಸಲು ಆಗುವುದಿಲ್ಲ, ಆದರೆ ನಿಮ್ಮ ಖರ್ಚು ಮನೆಯ ಮೇಲೆ ಬೀಳುವುದಿಲ್ಲ. ಪರೀಕ್ಷೆ ಫೆಬ್ರವರಿಯಲ್ಲಿ. ಸ್ಕೋರ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಕೆಲಸ ಬಿಡದೆ ಬರೆದು, ಸಾಲ ಸ್ವಲ್ಪ ಇಳಿದ ಮೇಲೆ ಸೇರಬಹುದು. ನೀವು ರಾಯಚೂರು ಜಿಲ್ಲೆಯವರು. ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ, ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕ ಸೇರುವುದಾದರೆ ಬೇಕಾಗುತ್ತದೆ.

*ಕೊನೆಯ ಎರಡು ಪತ್ರಗಳನ್ನು ಸಿಂಧನೂರಿನ ಓದುಗರಿಗೆ ಮುಂಚೆಯೇ ಕಳಿಸಿದ್ದೇವೆ. ಕೆಲಸದಲ್ಲಿದ್ದುಕೊಂಡು ಗೇಟ್ ಬರೆದವರು ಯಾರಾದರೂ ಅವರೊಡನೆ ಮಾತನಾಡಲು ಸಿದ್ಧರಿದ್ದರೆ ನಮಗೆ ತಿಳಿಸಿ, ತಲುಪಿಸುತ್ತೇವೆ.*