ಸಹಾಯ ಬೇಕು: ಪಂಥದವರ ಖರ್ಚಲ್ಲಿ ಕ್ಷೇತ್ರಕಾರ್ಯ ಮಾಡಬಹುದಾ?

ಹೊಸ ಧಾರ್ಮಿಕ ಪಂಥವೊಂದರ ಬಗ್ಗೆ ಪಿಎಚ್‌ಡಿ. 21 ದಿನದ ಶಿಬಿರಕ್ಕೆ ಊಟ, ವಸತಿ ಪುಕ್ಕಟೆ ಅಂತಿದ್ದಾರೆ. ದುಡ್ಡು ಕೊಡ್ತೀವಿ ಅಂದ್ರೆ ರಸೀದಿ ಬರೋದು ‘ಕಾಣಿಕೆ’ ಅಂತ! ಸಂಶೋಧನೆಯ ನೈತಿಕತೆ ನೋಡೋ ಎಥಿಕ್ಸ್ ಕಮಿಟಿ ಮುಂದೆ ಅದು ಇನ್ನೂ ಕಷ್ಟ.

1995ರಲ್ಲಿ ಟೋಕಿಯೊ ಮೆಟ್ರೋದ ಸರಿನ್ ವಿಷಾನಿಲ ದಾಳಿಯ ಬಳಿಕ, ಆ ದಾಳಿ ನಡೆಸಿದ ಓಂ ಶಿನ್ರಿಕ್ಯೋ ಪಂಥದ ಖರ್ಚಲ್ಲೇ ಜಪಾನಿಗೆ ಹೋಗಿ ಅದರ ಪರ ಮಾತಾಡಿದ ಅಮೆರಿಕದ ವಿದ್ವಾಂಸರಿಂದ ಹೊಸ ಪಂಥಗಳ ಅಧ್ಯಯನಕ್ಕೇ ಕೆಟ್ಟ ಹೆಸರು ಬಂತಲ್ಲ, ಭಯ ಅದೇ. ಗುರುತು ಮುಚ್ಚಿಟ್ಟು ಹೋಗೋದಂತೂ ಬೇಡ. 1954ರಲ್ಲಿ ಅಮೆರಿಕದ ಪ್ರಳಯವಾದಿ ಗುಂಪಿಗೆ ಹಾಗೆ ಸೇರಿದ ಸಂಶೋಧಕರೇ ಅದರ ನಂಬಿಕೆಗೆ ನೀರೆರೆದರು.

ಲಿಖಿತ ಒಪ್ಪಿಗೆ, ಗುಪ್ತನಾಮದ ವ್ಯವಸ್ಥೆ ಆಗಿದೆ. ಹೊರಗೆ ಉಳಿದರೆ ಬೆಳಗಿನ ಜಾವದ ಸಾಧನೆ ನೋಡೋಕಾಗಲ್ಲ. ಹಾಗಾದ್ರೆ ವಸತಿ ಪಡೆದು, ಅದನ್ನ ಪ್ರಬಂಧದಲ್ಲಿ ಘೋಷಿಸಿದರೆ ಸಾಕಾ? ಕಮಿಟಿಯ ಮುಂಗಡ ಅನುಮತಿಯೂ ಬೇಕಾ?