ಜನವರಿಯಲ್ಲಿ ಮನಾಲಿ: 7 ಕೆಜಿ ಕ್ಯಾಬಿನ್ ಬ್ಯಾಗ್ ಒಂದರಲ್ಲೇ ಆಗುತ್ತಾ?

ಸರಸ್ವತಿಪುರಂ_ಮೈಸೂರು
ಜನವರಿಯಲ್ಲಿ ಆರು ದಿನ ಮನಾಲಿ. ಮೈಸೂರಿಂದ ಫ್ಲೈಬಸ್‌ನಲ್ಲಿ ಬೆಂಗಳೂರು ಏರ್‌ಪೋರ್ಟ್, ವಿಮಾನದಲ್ಲಿ ದೆಹಲಿ, ಅಲ್ಲಿಂದ ರಾತ್ರಿ ಬಸ್. ತಲಾ ಒಂದು ಕ್ಯಾಬಿನ್ ಬ್ಯಾಗ್ ಮಾತ್ರ. ಜರ್ಕಿನ್, ಎರಡು ಸ್ವೆಟರ್, ಬೂಟು ಇಡುವಷ್ಟರಲ್ಲೇ ಬ್ಯಾಗ್ ಭರ್ತಿ. ಅಮ್ಮನೂ ಬರ್ತಾರೆ, ಅವರು ಸೀರೆಯೇ ಉಡೋದು. ಯಾವುದು ಬಿಡೋದು, ಯಾವುದು ಇಡೋದು?

ತೂಕದ_ಲೆಕ್ಕ
ಮೊದಲು ಖಾಲಿ ಬ್ಯಾಗನ್ನೇ ತೂಗಿ. ಚಕ್ರದ ಟ್ರಾಲಿಯೇ ಎರಡೂವರೆ ಕೆಜಿ ನುಂಗುತ್ತೆ. ಬಟ್ಟೆಯ ಬ್ಯಾಕ್‌ಪ್ಯಾಕ್ ಒಂದು ಕೆಜಿ ಒಳಗೆ ಸಿಗುತ್ತೆ. ಗಾಳಿ ತೆಗೆದು ಚಪ್ಪಟೆ ಮಾಡುವ ಕವರ್‌ನಿಂದ ಜಾಗ ಉಳಿಯುತ್ತೆ, ತೂಕ ಒಂದು ಗ್ರಾಮೂ ಇಳಿಯಲ್ಲ.

ದಪ್ಪ ಸ್ವೆಟರ್ ಎರಡನ್ನೂ ಮನೆಯಲ್ಲೇ ಬಿಡಿ. ಬಟ್ಟೆಯ ಪದರಗಳ ನಡುವೆ ನಿಲ್ಲುವ ಗಾಳಿಯೇ ಮೈ ಬೆಚ್ಚಗಿಡೋದು. ಮೈಗಂಟಿದ ಥರ್ಮಲ್ (ಚಳಿಗೆಂದೇ ಇರುವ ಒಳಉಡುಪು), ಮೇಲೆ ಫ್ಲೀಸ್ (ಮೆತ್ತನೆಯ ಹಗುರ ಸಿಂಥೆಟಿಕ್ ಜಾಕೆಟ್), ಅದರ ಮೇಲೆ ಗಾಳಿ ತಡೆಯುವ ಜರ್ಕಿನ್: ಮೂರೇ ಸಾಕು. ಒಳಗೆ ಹತ್ತಿ ಬನಿಯನ್ ಬೇಡವೇ ಬೇಡ. ನಡೆದಾಗ ಬೆವರು ಹೀರಿಕೊಳ್ಳುತ್ತೆ, ನಿಂತ ಕೂಡಲೇ ಅದೇ ತಣ್ಣಗಾಗಿ ಮೈಗೆ ಅಂಟುತ್ತೆ. ಜೀನ್ಸ್ ಕೂಡ ಹಾಗೇ, ಒದ್ದೆಯಾದರೆ ಆ ಚಳಿಯಲ್ಲಿ ಎರಡು ದಿನವಾದರೂ ಒಣಗಲ್ಲ.

ಬ್ಯಾಗಿನ ಒಳಗೆ: ಥರ್ಮಲ್ 2 ಜೊತೆ (700 ಗ್ರಾಂ), ಫ್ಲೀಸ್ 350, ಸಿಂಥೆಟಿಕ್ ತುಂಬುತೋಳಿನ ಟೀಶರ್ಟ್ 2 (300), ಪ್ಯಾಂಟ್ 1 (400), ಉಣ್ಣೆ ಕಾಲುಚೀಲ 2 ಜೊತೆ (200), ಒಳಉಡುಪು 4, ಮಂಕಿ ಟೋಪಿ, ಗ್ಲೌಸ್, ತೆಳು ಟವೆಲ್, ಚಪ್ಪಲಿ, ಮಾತ್ರೆ, ಚಾರ್ಜರ್. ಬ್ಯಾಗಿನ ತೂಕ ಸೇರಿಸಿದರೂ 5 ಕೆಜಿ ಆಸುಪಾಸು. ಜರ್ಕಿನ್, ಬೂಟು ನಿಮ್ಮ ಮೈಮೇಲೆ. ಆದರೆ ಥರ್ಮಲ್ಲನ್ನು ಮೈಸೂರಿಂದಲೇ ಹಾಕ್ಕೊಂಡು ಹೊರಡಬೇಡಿ, ಬೆವರಿ ಒದ್ದೆಯಾಗುತ್ತೆ. ದೆಹಲಿಯಲ್ಲಿ ಬಸ್ ಹತ್ತುವ ಮುಂಚೆ ಹಾಕ್ಕೊಳ್ಳಿ.

ಥರ್ಮಲ್ ಒಗೆದ ಮೇಲೆ ಒಣ ಟವೆಲ್‌ನಲ್ಲಿ ಸುತ್ತಿ, ಮೇಲೆ ನಿಂತು ತುಳಿಯಿರಿ. ನೀರೆಲ್ಲ ಟವೆಲ್‌ಗೆ ಇಳಿಯುತ್ತೆ, ರೂಮಿನಲ್ಲಿ ಹರವಿದರೆ ಬೆಳಗ್ಗೆ ಹೊತ್ತಿಗೆ ಹಾಕ್ಕೊಳ್ಳೋ ಹಾಗಿರುತ್ತೆ.

ಮಂಡ್ಯ_ಕಡೆಯವ
ಮಂಜಿನ ಬೂಟು ಕೊಳ್ಳೋಕೆ ಹೋಗ್ಬೇಡಿ ಕಣಣ್ಣ. ಮನಾಲಿಯಿಂದ ಮಂಜಾಟದ ಸೋಲಂಗ್ ಕಣಿವೆಗೆ ಹೋಗೋ ದಾರಿ ಉದ್ದಕ್ಕೂ ಸ್ನೋ ಸೂಟು, ಗಂಬೂಟು ಬಾಡಿಗೆಗೆ ಸಿಗ್ತವೆ. ಊರೊಳಗೆ ಓಡಾಡೋಕೆ ಅಡಿಭಾಗ ಚೆನ್ನಾಗಿ ಹಿಡಿಯೋ ಶೂ ಒಂದು ಜೊತೆ ಸಾಕು. ಬಾಡಿಗೆ ಬೂಟು ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿ ಬೂಟಲ್ಲಿ ಎರಡು ಕಾಲುಚೀಲ ತುರುಕಿದ್ರೆ ರಕ್ತ ಓಡಾಡಲ್ಲ, ಬೆರಳು ಇನ್ನಷ್ಟು ಮರಗಟ್ಟುತ್ತೆ. ಬಾಡಿಗೆ ಗ್ಲೌಸ್ ಎಷ್ಟೋ ಸಲ ಒಳಗೆ ಒದ್ದೆ ಇರ್ತವೆ, ಅದು ಮಾತ್ರ ನಿಮ್ಮದೇ ಇರ್ಲಿ.

ಉಣ್ಣೆ_ಶಾಲು
ಅಮ್ಮನ ವಿಷಯ. ಸೀರೆ ಉಟ್ಟೇ ಬೆಚ್ಚಗಿರಬಹುದು: ಲಂಗದ ಒಳಗೆ ಥರ್ಮಲ್ ಪ್ಯಾಂಟ್, ರವಿಕೆಗೆ ಬದಲು ತುಂಬುತೋಳಿನ ತೆಳು ಉಣ್ಣೆ ಟಾಪ್, ಮೇಲೆ ಫ್ಲೀಸ್, ಶಾಲು. ರೇಷ್ಮೆ, ಹತ್ತಿ ಬೇಡ. ಸಿಂಥೆಟಿಕ್ ಸೀರೆ ಎರಡು ಇಟ್ಟರೆ ಹಗುರ, ಬೇಗ ಒಣಗುತ್ತೆ. ಆದರೆ ಮಂಜಿಗೆ ಹೋಗುವ ದಿನ ಚೂಡಿದಾರ್ ಹಾಕಲೇಬೇಕು. ನೆರಿಗೆಯ ಅಂಚು ಮಂಜಿನಲ್ಲಿ ನೆನೆದು ಮೊಣಕಾಲಿನ ತನಕ ತಣ್ಣಗಾಗುತ್ತೆ, ಬಾಡಿಗೆ ಸೂಟೂ ಸೀರೆ ಮೇಲೆ ಏರಲ್ಲ. ಪ್ಯಾಂಟು, ಕೋಟು ಬೇರೆಬೇರೆ ಇರುವ ಸೂಟೇ ಕೇಳಿ. ಒಂದೇ ತುಂಡಿನದಾದರೆ ಶೌಚಾಲಯಕ್ಕೆ ಹೋದಾಗ ವಯಸ್ಸಾದವರಿಗೆ ತುಂಬ ಕಷ್ಟ.

ಸರಸ್ವತಿಪುರಂ_ಮೈಸೂರು
ಎಲ್ಲರಿಗೂ ಧನ್ಯವಾದ. 20,000 ಎಂಎಎಚ್ ಪವರ್ ಬ್ಯಾಂಕ್ ಬಿಡ್ತಾರಾ? ಅಮ್ಮನ ಕೊಬ್ಬರಿ ಎಣ್ಣೆ?

ತೂಕದ_ಲೆಕ್ಕ
ಪವರ್ ಬ್ಯಾಂಕ್ ಕ್ಯಾಬಿನ್‌ನಲ್ಲೇ ಇರಬೇಕು. 20,000 ಎಂಎಎಚ್ ಅಂದರೆ 20 ಆಂಪಿಯರ್-ಗಂಟೆ; × 3.7 ವೋಲ್ಟ್ = 74 ವ್ಯಾಟ್-ಗಂಟೆ. ಮಿತಿ 100 ವ್ಯಾಟ್-ಗಂಟೆ, ಹಾಗಾಗಿ ಬಿಡ್ತಾರೆ. ಕ್ಯಾಬಿನ್ ತುಂಬಿದೆ ಅಂತ ಗೇಟಿನಲ್ಲಿ ನಿಮ್ಮ ಬ್ಯಾಗನ್ನು ವಿಮಾನದ ಕೆಳಗಿನ ಲಗೇಜ್ ಜಾಗಕ್ಕೆ ಹಾಕಲು ತಗೊಂಡರೆ ಪವರ್ ಬ್ಯಾಂಕನ್ನು ಮರೆಯದೆ ಕೈಗೆ ತೆಗೆದುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಕೈಕೊಡುತ್ತೆ, ಫೋನು ಜರ್ಕಿನ್ ಒಳಜೇಬಿನಲ್ಲಿರಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತೆ, ಬಾಟಲಿಯಿಂದ ಬರಲ್ಲ. ಅಗಲ ಬಾಯಿಯ 50 ಎಂಎಲ್ ಡಬ್ಬಿಗೆ ತುಂಬಿ, ಬೆರಳಲ್ಲಿ ತೋಡಿಕೊಂಡು ಹಿಮ್ಮಡಿ, ತುಟಿಗೂ ಹಚ್ಚಬಹುದು.