ಬಿಟ್‌ಕೋಡ್‌ನಲ್ಲಿ ಮೆಟಾಡೇಟಾ ನೋಡ್‌ಗಳ ಕ್ರಮವನ್ನು ಟೆಸ್ಟ್ ಮಾಡುವುದು ಹೇಗೆ?

ಟಿಳಕವಾಡಿ_ಕೋಡರ್, ಬೆಳಗಾವಿ
ನಮಸ್ಕಾರ. ಇಲ್ಲಿ ನಾವು ಕೆಲವರು ಭಾನುವಾರ ಸೇರಿ ಎಲ್‌ಎಲ್‌ವಿಎಂ (ಕಂಪೈಲರ್ ಕಟ್ಟುವ ಸಲಕರಣೆಗಳ ಸೆಟ್) ಸೋರ್ಸ್ ಓದುತ್ತಿದ್ದೇವೆ. ಈಗ ಬಿಟ್‌ಕೋಡ್ (ಅದರ ಮಧ್ಯಂತರ ಕೋಡ್‌ನ ಬೈನರಿ ರೂಪ) ಬರೆಯುವ ಭಾಗಕ್ಕೆ ಬಂದಿದ್ದೇವೆ. ಮೆಟಾಡೇಟಾ ನೋಡ್‌ಗಳು (ಡೀಬಗ್ ಮಾಹಿತಿಯಂಥದ್ದನ್ನು ಹಿಡಿದು ಒಂದನ್ನೊಂದು ತೋರಿಸುವ ತುಣುಕುಗಳು) ಯಾವ ಕ್ರಮದಲ್ಲಿ ಫೈಲಿಗೆ ಇಳಿಯುತ್ತವೆ ಅಂತ ನೋಡುವ ಒಂದು ಟೆಸ್ಟ್ ಬರೆಯಬೇಕು. ಎಲ್‌ಎಲ್‌ವಿಎಂ-ಆಸ್‌ಗೆ ಕೊಟ್ಟು ಬಿಟ್‌ಕೋಡ್ ಮಾಡಿ, ಎಲ್‌ಎಲ್‌ವಿಎಂ-ಡಿಸ್‌ನಿಂದ ವಾಪಸ್ ಟೆಕ್ಸ್ಟ್ ತೆಗೆದು ಹೋಲಿಸಿದರೆ, ಒಳಗಿನ ಕ್ರಮವನ್ನು ಬೇಕಂತಲೇ ಬದಲಿಸಿದರೂ ಟೆಸ್ಟ್ ಪಾಸ್ ಆಗುತ್ತದೆ. ಹಾಗಾದರೆ ಕ್ರಮ ಕಾಣುವುದು ಎಲ್ಲಿ? ಇನ್ನೊಂದು, ಹೇಗೆ ಬರೆದರೂ ಅದೇ ಗ್ರಾಫ್ ಸಿಗುತ್ತದೆ ಅಂದ ಮೇಲೆ ಇದಕ್ಕೆ ಟೆಸ್ಟ್ ಯಾಕೆ ಅಂತ ಗುಂಪಿನಲ್ಲಿ ಒಬ್ಬರು ಕೇಳುತ್ತಿದ್ದಾರೆ.

ಗುಮ್ಮಟದೂರು, ವಿಜಯಪುರ
ಎರಡನೇ ಪ್ರಶ್ನೆಯೇ ಮುಖ್ಯ, ಮೊದಲು ಅದನ್ನೇ ಹೇಳುತ್ತೇನೆ. ಯೂನಿಕ್ ನೋಡ್‌ಗೆ ಅದರೊಳಗೆ ಇರುವುದೇ ಗುರುತು, ಒಳಗಿರುವುದು ಒಂದೇ ಆದರೆ ನೋಡೂ ಒಂದೇ, ಅಲ್ವಾ? ಓದುವಾಗ ಅದರ ಆಪರೆಂಡ್ (ಅದು ತೋರಿಸುವ ಇನ್ನೊಂದು ನೋಡ್) ಇನ್ನೂ ಬಂದಿಲ್ಲ ಅಂದರೆ ರೀಡರ್ ಅಲ್ಲಿ ತಾತ್ಕಾಲಿಕ ನೋಡ್ ಇಡಬೇಕು, ನಿಜವಾದದ್ದು ಬಂದಮೇಲೆ ಬಳಸಿದ ಕಡೆಯೆಲ್ಲ ಅದನ್ನು ಬದಲಿಸಬೇಕು, ಆಮೇಲೆ ಮತ್ತೆ ಯೂನಿಕ್ ಮಾಡಬೇಕು. ಡೀಬಗ್ ಮಾಹಿತಿ ತುಂಬಿದ ದೊಡ್ಡ ಪ್ರೋಗ್ರಾಂನಲ್ಲಿ, ಅದೂ ಎಲ್‌ಟಿಒ (ಲಿಂಕ್ ಮಾಡುವಾಗ ಇಡೀ ಪ್ರೋಗ್ರಾಂ ಆಪ್ಟಿಮೈಸ್ ಮಾಡುವುದು) ಹಾಕಿದಾಗ, ಇದು ಜಾಸ್ತಿ ದುಬಾರಿ. ಡಿಸ್ಟಿಂಕ್ಟ್ ನೋಡ್ ಒಳಗೆ ಏನಿದ್ದರೂ ಬೇರೆಯದೇ, ಅದಕ್ಕೆ ಆ ತಲೆನೋವಿಲ್ಲ. ಜಾಗ ಬಿಟ್ಟು ಆಮೇಲೆ ತುಂಬಿದರಾಯಿತು. ಅದಕ್ಕೇ ಮೊದಲು ಸ್ಟ್ರಿಂಗ್, ಆಮೇಲೆ ಕಾನ್‌ಸ್ಟಂಟ್‌ನಂಥ ನೋಡ್ ಅಲ್ಲದವು, ಆಮೇಲೆ ಡಿಸ್ಟಿಂಕ್ಟ್, ಕೊನೆಗೆ ಯೂನಿಕ್. ಗುಂಪಿನೊಳಗೆ ಪೋಸ್ಟ್ ಆರ್ಡರ್, ಅಂದರೆ ಆಪರೆಂಡ್ ಮೊದಲು, ಅದನ್ನು ತೋರಿಸುವ ನೋಡ್ ಆಮೇಲೆ. ಇದು ಕೆಟ್ಟರೆ ಉತ್ತರ ತಪ್ಪಾಗುವುದಿಲ್ಲ, ಕಂಪೈಲರ್ ಸುಮ್ನೆ ನಿಧಾನವಾಗುತ್ತದೆ. ಅದನ್ನು ಉಳಿದ ಟೆಸ್ಟ್‌ಗಳು ಹಿಡಿಯುವುದಿಲ್ಲ ರೀ, ಹಾಗಾಗಿ ಇದಕ್ಕೇ ಅಂತ ಒಂದು ಬೇಕೇ ಬೇಕು.

ಡಿಸ್ ತೋರಿಸುವ ನಂಬರ್ ಫೈಲಿನದಲ್ಲ, ಟೆಕ್ಸ್ಟ್ ಬರೆಯುವಾಗ ಹೊಸದಾಗಿ ಕೊಟ್ಟದ್ದು. ನೀವು ಬಿಟ್‌ಕೋಡ್ ಫೈಲಿನ ರೆಕಾರ್ಡ್‌ಗಳನ್ನು ಇದ್ದ ಹಾಗೇ ತೋರಿಸುವ ಎಲ್‌ಎಲ್‌ವಿಎಂ-ಬಿಸಿಅನಲೈಜರ್ ಅನ್ನು ಡಂಪ್ ಆಪ್ಶನ್ ಜೊತೆ ಓಡಿಸಿ, ಅದರ ಔಟ್‌ಪುಟ್ಟನ್ನು ಫೈಲ್‌ಚೆಕ್‌ಗೆ (ಟೆಸ್ಟ್‌ನಲ್ಲಿ ಬರೆದ ಸಾಲುಗಳ ಜೊತೆ ಹೋಲಿಸುವ ಟೂಲ್) ಕೊಡಿ.

ಘಟಪ್ರಭಾ_ದಂಡೆ, ಬಾಗಲಕೋಟೆ
ಮೇಲಿನವರು ಹೇಳಿದ್ದು ಸರಿ. ಒಂದು ಚಿಕ್ಕ ಗ್ರಾಫ್ ಕೊಡುತ್ತೇನೆ, ಇದನ್ನೇ ಟೆಸ್ಟ್ ಮಾಡಿಕೊಳ್ಳಬಹುದು. ‘ಕ’ ಯೂನಿಕ್, ಅದು ‘ಚ’ ಮತ್ತು ‘ಟ’ ಎರಡನ್ನೂ ತೋರಿಸುತ್ತದೆ. ‘ಚ’ ಯೂನಿಕ್, ಒಳಗೆ ಒಂದು ಸ್ಟ್ರಿಂಗ್ ಮಾತ್ರ. ‘ಟ’ ಡಿಸ್ಟಿಂಕ್ಟ್, ಅದು ‘ತ’ವನ್ನು ತೋರಿಸುತ್ತದೆ. ‘ತ’ ಯೂನಿಕ್, ಒಳಗೆ ಇನ್ನೊಂದು ಸ್ಟ್ರಿಂಗ್. ನೇಮ್ಡ್ ಮೆಟಾಡೇಟಾದಿಂದ (ನೋಡ್‌ಗಳನ್ನು ತೋರಿಸುವ, ಹೆಸರಿಟ್ಟ ಪಟ್ಟಿ) ‘ಕ’ ಒಂದನ್ನೇ ಹಿಡಿಯಿರಿ. ಡಂಪ್‌ನಲ್ಲಿ ಎರಡು ಸ್ಟ್ರಿಂಗ್ ಆದಮೇಲೆ ಟ, ಚ, ಕ, ತ ಅಂತ ಬರಬೇಕು. ‘ತ’ ಯಾಕೆ ಕೊನೆಗೆ ಅಂದರೆ, ಯೂನಿಕ್ ನೋಡ್‌ನಿಂದ ಡಿಸ್ಟಿಂಕ್ಟ್ ಸಿಕ್ಕಾಗ ಅದರೊಳಗೆ ಇಳಿಯುವುದನ್ನು ಮುಂದಕ್ಕೆ ಹಾಕಿ, ಕೈಯಲ್ಲಿರುವ ಯೂನಿಕ್ ಭಾಗವನ್ನು ಮೊದಲು ಮುಗಿಸುತ್ತದೆ. ಮುಂದೆ ಬರುವ ನೋಡನ್ನು ತೋರಿಸುವುದು ‘ಟ’ ಒಂದೇ. ಅದು ಡಿಸ್ಟಿಂಕ್ಟ್, ಖರ್ಚಿಲ್ಲ.

ಆಪರೆಂಡ್ ನಂಬರ್ 1ರಿಂದ ಶುರು, 0 ಅಂದರೆ ಖಾಲಿ. ಸ್ಟ್ರಿಂಗ್‌ಗಳು 1 ಮತ್ತು 2, ‘ಟ’ 3, ‘ಚ’ 4. ಹಾಗಾಗಿ ‘ಕ’ದ ಸಾಲಿನಲ್ಲಿ 4 ಮತ್ತು 3 ಕಾಣಬೇಕು. ಸಾಲುಗಳನ್ನು ಚೆಕ್-ನೆಕ್ಸ್ಟ್‌ನಿಂದಲೇ (ಹಿಂದಿನದರ ಮುಂದಿನ ಸಾಲಲ್ಲೇ ಇರಬೇಕು ಎನ್ನುವ ಫೈಲ್‌ಚೆಕ್ ಸೂಚನೆ) ಕಟ್ಟಿ. ಬರೀ ಚೆಕ್ ಹಾಕಿದರೆ ನಡುವೆ ಬೇರೆ ನೋಡ್ ನುಸುಳಿದರೂ ಗೊತ್ತಾಗುವುದಿಲ್ಲ.

ಟಿಳಕವಾಡಿ_ಕೋಡರ್, ಬೆಳಗಾವಿ
ಬಹಳ ಉಪಕಾರ ಆಯಿತು. ನಿಮ್ಮ ಗ್ರಾಫ್ ಹೇಳಿದಂತೆಯೇ ಬಂತು. ಆದರೆ ಇದೇ ರೀತಿ ದೊಡ್ಡದೊಂದು ಮಾಡಿದರೆ ಸ್ಟ್ರಿಂಗ್ ಮುಗಿದ ತಕ್ಷಣದ ಚೆಕ್-ನೆಕ್ಸ್ಟ್ ಫೇಲ್ ಆಗುತ್ತಿದೆ. ನಡುವೆ ಇಂಡೆಕ್ಸ್-ಆಫ್‌ಸೆಟ್ ಅಂತ ಏನೋ ಬರುತ್ತದೆ.

ಗುಮ್ಮಟದೂರು, ವಿಜಯಪುರ
ಅದು ಬೇಕಾದಾಗ ಮಾತ್ರ ಲೋಡ್ ಮಾಡಿಕೊಳ್ಳಲು ಇಟ್ಟಿರುವ ಇಂಡೆಕ್ಸ್. ಸ್ಟ್ರಿಂಗ್ ಬಿಟ್ಟು ಉಳಿದ ಮೆಟಾಡೇಟಾ 25 ದಾಟಿದರೆ ಬರುತ್ತದೆ. ಆ ಮಿತಿ ಬದಲಿಸಲು ಹಿಡನ್ ಆಪ್ಶನ್ ಇದೆ, ಆದರೆ ಕ್ರಮ ನೋಡುವ ಟೆಸ್ಟ್‌ಗೆ ಅಷ್ಟು ನೋಡ್ ಯಾಕೆ ಬೇಕು? ಚಿಕ್ಕದಾಗೇ ಇಡಿ. ಮತ್ತೆ, ಸ್ಟ್ರಿಂಗ್‌ಗಳ ನಡುವಿನ ಕ್ರಮವನ್ನು ಬಿಗಿ ಮಾಡಬೇಡಿ, ಎಷ್ಟಿವೆ ಅಂತ ನೋಡಿದರೆ ಸಾಕು. ಎರಡೂ ಸ್ಟ್ರಿಂಗ್‌ಗೆ ಒಂದೇ ಥರ ಶುರುವಾಗುವ ಹೆಸರಿಟ್ಟು ಆ ಭಾಗವನ್ನಷ್ಟೇ ಹೋಲಿಸಿ. ಸೋರ್ಸ್‌ನ ಬಿಟ್‌ಕೋಡ್ ಟೆಸ್ಟ್ ಫೋಲ್ಡರ್‌ನಲ್ಲಿ ‘ಎಂಡಿನೋಡ್ಸ್’ ಅಂತ ಶುರುವಾಗುವ ಫೈಲ್‌ಗಳಿವೆ, ಅವುಗಳಲ್ಲಿ ಹೀಗೇ ಮಾಡಿದ್ದಾರೆ.